ಬಿಲ್ಲನ್ನು ಮೊದಲು ಓದಿ, ಆಮೇಲೆ ಪಾಸು ಮಾಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸರ್ಕಾರ ತರುವ ಪ್ರತಿಯೊಂದು ಮಸೂದೆಯೂ ಪಾಸಾಗುವ ಮೊದಲು ಆಯಾ ಇಲಾಖೆಗೆ ಸಂಬಂಧಪಟ್ಟ ಶಾಸಕರ ಸಮಿತಿಯೊಂದರ ಮುಂದೆ ಹೋಗಲೇಬೇಕು ಎಂದು ನಿಯಮ ಮಾಡಿ. ಆ ಸಮಿತಿ ಜನರನ್ನು ಕರೆದು ಕೇಳಲಿ. ಕೇಳಿದ್ದನ್ನು ಬರೆದು ಸದನಕ್ಕೆ ಕೊಡಲಿ. ಸದನ ಒಪ್ಪಲಿ, ಬಿಡಲಿ, ಅದು ನಿಮ್ಮ ಹಕ್ಕು. ಆದರೆ ಕೇಳದೆ ಪಾಸು ಮಾಡುವುದು ಮಾತ್ರ ನಿಲ್ಲಲಿ.

ಇದೇನು ದೊಡ್ಡ ವಿಷಯ ಅಂತ ನಿಮಗೆ ಅನಿಸಬಹುದು. ಮಳೆ ಇಲ್ಲ, ರಸ್ತೆ ಇಲ್ಲ, ಇವರಿಗೆ ಸಮಿತಿ ಬೇಕಂತೆ ಎಂದು ನಗಲೂಬಹುದು. ಆದರೆ ಆ ರಸ್ತೆಗೆ ದುಡ್ಡು ಎಲ್ಲಿಂದ, ಯಾರಿಗೆ, ಯಾವ ಷರತ್ತಿನ ಮೇಲೆ ಬರುತ್ತದೆ ಅನ್ನುವುದು ತೀರ್ಮಾನವಾಗುವುದು ಇಂಥ ಮಸೂದೆಗಳಲ್ಲೇ ಅಲ್ವಾ?

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. 15ನೇ ತಾರೀಖು ಸಚಿವ ಸಂಪುಟ ಸ್ಥಳೀಯರಿಗೆ ಖಾಸಗಿ ಕೆಲಸದಲ್ಲಿ ಮೀಸಲಾತಿ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70. ಮುಖ್ಯಮಂತ್ರಿಗಳ ಎಕ್ಸ್ ಖಾತೆಯಲ್ಲಿ ಒಂದು ಪೋಸ್ಟ್ ಬಂತು, ಅಳಿಸಿಹೋಯಿತು, ಮತ್ತೊಂದು ಬಂತು. ಉದ್ಯಮಿಗಳು ತಿರುಗಿಬಿದ್ದರು. ಪಕ್ಕದ ಆಂಧ್ರದ ಮಂತ್ರಿಗಳು 'ನಮ್ಮಲ್ಲಿಗೆ ಬನ್ನಿ' ಎಂದು ಅವರನ್ನು ಕರೆದೂ ಆಯಿತು. 17ನೇ ತಾರೀಖು ಮುಗಿಯುವುದರೊಳಗೆ ಮಸೂದೆಗೆ ತಡೆ ಬಿತ್ತು.

ಆ ಮಸೂದೆ ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಕನ್ನಡಿಗರಿಗೆ ಕೆಲಸ ಸಿಗಬೇಕು ಅನ್ನುವ ಕೂಗು ನಿನ್ನೆ ಮೊನ್ನೆಯದಲ್ಲ. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿದೆ. ಇಷ್ಟು ವರ್ಷ ಕಾದ ಬೇಡಿಕೆ ಎರಡೇ ದಿನದಲ್ಲಿ ಹುಟ್ಟಿ, ಎರಡೇ ದಿನದಲ್ಲಿ ಮೂಲೆ ಸೇರಿತು. ಯಾಕೆ? ಹರಿಯಾಣ ಇಂಥದ್ದೇ ಕಾಯ್ದೆ ಮಾಡಿ ಶೇ. 75 ಮೀಸಲಾತಿ ಕೊಟ್ಟಿತ್ತು. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಸಂಪುಟ ಒಪ್ಪಿಗೆ ಕೊಡುವುದಕ್ಕೆ ಎಂಟು ತಿಂಗಳ ಮೊದಲು! ಆ ತೀರ್ಪಿಗೆ ಸಿಗದ ಹಾಗೆ ಬರೆಯುವುದು ಹೇಗೆ, ಸಣ್ಣ ಕಾರ್ಖಾನೆಗೆ ಎಷ್ಟು ಸಮಯ ಬೇಕು, ಸ್ಥಳೀಯ ಅಂದರೆ ಯಾರು, ಗುತ್ತಿಗೆ ನೌಕರರು ಇದರಲ್ಲಿ ಬರುತ್ತಾರಾ. ಈ ಪ್ರಶ್ನೆಗಳೆಲ್ಲ ಬಂದವು, ನಿಜ. ಆದರೆ ಬಂದದ್ದು ಟಿವಿ ಸ್ಟುಡಿಯೋದಲ್ಲಿ, ಒಪ್ಪಿಗೆ ಕೊಟ್ಟಾದ ಮೇಲೆ. ಒಂದು ಸಮಿತಿಯ ಮೇಜಿನ ಮುಂದೆ ಮೊದಲೇ ಬಂದಿದ್ದರೆ ಕನ್ನಡಿಗರ ಕೈಗೆ ಏನೋ ಒಂದಿಷ್ಟು ಗಟ್ಟಿಯಾದದ್ದು ಸಿಗುತ್ತಿತ್ತು. ಈಗ ಸಿಕ್ಕಿದ್ದು ಬರೀ ಗಲಾಟೆ.

ಇನ್ನೊಂದು ದಿನ, 2025ರ ಮಾರ್ಚ್ 21. ನೇರಪ್ರಸಾರ ನೋಡಿದವರಿಗೆ ಮರೆಯುವ ದಿನವಲ್ಲ. ವಿರೋಧ ಪಕ್ಷದವರು ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದಿದ್ದಾರೆ. ಹರಿದ ಕಾಗದ ಸಭಾಧ್ಯಕ್ಷರ ಪೀಠದ ಕಡೆ ಹಾರುತ್ತಿದೆ. ಆ ಗದ್ದಲದ ನಡುವೆಯೇ ಮಸೂದೆಗಳು ಒಂದಾದ ಮೇಲೊಂದು ಮತಕ್ಕೆ ಬರುತ್ತಿವೆ. ಹೌದು ಅನ್ನುವವರು ಹೌದು ಎನ್ನಿ, ಇಲ್ಲ ಅನ್ನುವವರು ಇಲ್ಲ ಎನ್ನಿ. ಯಾರು ಏನೆಂದರೋ ಯಾರಿಗೂ ಕೇಳುವುದಿಲ್ಲ. ಮಸೂದೆ ಮಾತ್ರ ಅಂಗೀಕಾರವಾಗಿರುತ್ತದೆ. ಅವತ್ತು ಪಾಸಾದವುಗಳಲ್ಲಿ ನಿಮ್ಮ ಸಂಬಳ ಹೆಚ್ಚಿಸುವ ಮಸೂದೆಯೂ ಇತ್ತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು, ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಚರ್ಚೆಯೇ ನಡೆಯಲಿಲ್ಲ. ಅದೇ ದಿನ ವಿರೋಧ ಪಕ್ಷದ 18 ಶಾಸಕರು ಅಮಾನತಾದರು. ಸಂಬಳ ಜಾಸ್ತಿ ಆದದ್ದಕ್ಕೆ ನನ್ನ ತಕರಾರಿಲ್ಲ. ಶಾಸಕನಿಗೆ ಖರ್ಚಿದೆ, ಒಪ್ಪುತ್ತೇನೆ. ಆದರೆ ತಮ್ಮ ಸಂಬಳದ ಬಗ್ಗೆಯೇ ಹತ್ತು ನಿಮಿಷ ಮಾತಾಡದವರು ನಮ್ಮ ಜಮೀನು, ನಮ್ಮ ತೆರಿಗೆಯ ಬಗ್ಗೆ ಎಷ್ಟು ಮಾತಾಡುತ್ತಾರೆ ಅನ್ನುವ ಅನುಮಾನ ಬರುತ್ತದೆ.

ತಮಾಷೆ ನೋಡಿ. ಅದೇ ಮಾರ್ಚ್ ತಿಂಗಳಲ್ಲಿ, ಅದೇ ಅಧಿವೇಶನದಲ್ಲಿ, ನೀವೇ ಬೇರೆ ಥರವೂ ನಡೆದುಕೊಂಡಿರಿ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಬಂದಾಗ ಅದನ್ನು ಜಂಟಿ ಪರಿಶೀಲನಾ ಸಮಿತಿಗೆ ಕಳಿಸಿದಿರಿ. ರಿಜ್ವಾನ್ ಅರ್ಷದ್ ಅದರ ಅಧ್ಯಕ್ಷರಾಗಿದ್ದರು. ಸಮಿತಿ ಜನರ ಅಹವಾಲು ಕೇಳಿತು, ವರದಿ ಕೊಟ್ಟಿತು, ಆಮೇಲೆ ಆ ಮಾರ್ಚಿನಲ್ಲಿ ಮಸೂದೆ ಸದನಕ್ಕೆ ವಾಪಸ್ ಬಂದು ಪಾಸಾಯಿತು. ಅಂದರೆ ನಿಮಗೆ ಮಾಡಲು ಬರುತ್ತದೆ. ಮನಸ್ಸು ಬಂದರೆ ಮಾಡುತ್ತೀರಿ, ಬರದಿದ್ದರೆ ಇಲ್ಲ. ಮನಸ್ಸಿನ ಮೇಲೆ ಬಿಡಬೇಡಿ, ನಿಯಮ ಮಾಡಿ ಅನ್ನುವುದಷ್ಟೇ ನನ್ನ ಕೋರಿಕೆ.

ಒಂದು ಮಾತನ್ನು ಇಲ್ಲೇ ಸೇರಿಸುತ್ತೇನೆ, ಇಲ್ಲದಿದ್ದರೆ ಬೆಂಗಳೂರಿನ ಗೆಳೆಯರು ಬೈಯುತ್ತಾರೆ. ಸಮಿತಿಗೆ ಹೋಗಿ ಬಂದ ಮಾತ್ರಕ್ಕೆ ಕಾಯ್ದೆ ಒಳ್ಳೆಯದಾಗಿಬಿಡುವುದಿಲ್ಲ. ಆ ಕಾಯ್ದೆಯಿಂದ ಹುಟ್ಟಿದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ತಲೆಯ ಮೇಲೆ ಮುಖ್ಯಮಂತ್ರಿಗಳೇ ಕೂತರೆ ಮೇಯರಿಗೆ ಏನು ಉಳಿಯಿತು ಅನ್ನುವ ಪ್ರಶ್ನೆ ಇವತ್ತಿಗೂ ಇದೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಗರ ನಡೆಸಿದರು. ಅದನ್ನು ಯಾವ ಸಮಿತಿಯೂ ತಡೆಯಲಿಲ್ಲ. ಆದರೂ ಆ ಕಾಯ್ದೆಯಲ್ಲಿ ಏನಿದೆ, ಯಾರು ಏನು ಆಕ್ಷೇಪಿಸಿದರು ಅನ್ನುವುದು ಬೆಂಗಳೂರಿನವರಿಗೆ ಪಾಸಾಗುವ ಮೊದಲೇ ಗೊತ್ತಿತ್ತು. ಜಗಳ ಆಡುವುದಕ್ಕಾದರೂ ಸಮಯ ಸಿಕ್ಕಿತು.

ಆಳುವವರು ಒಳ್ಳೆಯವರಾದರೆ ಸಾಕು, ನಿಯಮ ಗಿಯಮ ಎಲ್ಲ ಸುಮ್ನೆ ಅನ್ನುವವರು ನಮ್ಮಲ್ಲಿ ತುಂಬಾ ಜನ. ಅವರಿಗೆ ನಮ್ಮದೇ ಭೂಸುಧಾರಣೆಯ ಕಥೆ ಹೇಳಬೇಕು. ಅದು ಇಡೀ ದೇಶದಲ್ಲಿ ಹೆಸರಾದ ಕಥೆ.

ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಕರ್ನಾಟಕದಲ್ಲಿ 1961ರಲ್ಲೇ ಆಗಿತ್ತು. 1965ರಲ್ಲಿ ಜಾರಿಗೂ ಬಂತು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದು ಹತ್ತು ಹದಿನೈದು ವರ್ಷ ಆಗಿತ್ತು ಅಷ್ಟೊತ್ತಿಗೆ. ಕಾಗದದ ಮೇಲೆ ಎಲ್ಲವೂ ಇತ್ತು. ಆದರೆ ಗೇಣಿದಾರ ತನ್ನ ಹಕ್ಕು ಸಾಧಿಸಬೇಕಾದರೆ ಕೋರ್ಟಿಗೆ ಹೋಗಬೇಕಿತ್ತು. ಜಮೀನ್ದಾರರ ಕಡೆ ವಕೀಲರು. ಇವನ ಕೈಯಲ್ಲಿ ಚೀಟಿಯೂ ಇಲ್ಲ, ರಸೀದಿಯೂ ಇಲ್ಲ. ಗೇಣಿ ಅಳೆದುಕೊಟ್ಟಿದ್ದಕ್ಕೆ ರಸೀದಿ ಕೊಡುವ ಒಡೆಯರು ಎಲ್ಲಿದ್ದರು? ಸಾಕ್ಷಿ ಹೇಳಬೇಕಾದ ಪಕ್ಕದ ಮನೆಯವನೂ ಅದೇ ಒಡೆಯರ ಒಕ್ಕಲು. ವಾಯಿದೆ ಮೇಲೆ ವಾಯಿದೆ ಬೀಳುತ್ತಾ ಹೋದರೆ ಕೂಲಿ ಬಿಟ್ಟು ಎಷ್ಟು ಸಲ ಪೇಟೆಗೆ ಅಲೆಯುವುದು?

ದೇವರಾಜ ಅರಸು ಸರ್ಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಎಲ್ಲರಿಗೂ ನೆನಪಿದೆ. ನನ್ನ ಪ್ರಕಾರ ಆ ತಿದ್ದುಪಡಿಯ ಜೀವ ಇದ್ದದ್ದು ಭೂ ನ್ಯಾಯಮಂಡಳಿಯಲ್ಲಿ. ವಿಷಯ ತಾಲ್ಲೂಕು ಮಟ್ಟಕ್ಕೆ ಬಂತು. ಅಧ್ಯಕ್ಷರಾಗಿ ಎ.ಸಿ. ಸಾಹೇಬರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕು. ವಕೀಲರಿಗೆ ಒಳಗೆ ಪ್ರವೇಶವಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಡಬೇಕು, ವಿಚಾರಣೆಗೆ ಬಂದು ತನ್ನ ಮಾತಿನಲ್ಲೇ ಹೇಳಬೇಕು. ಮಂಡಳಿಯ ತೀರ್ಮಾನವೇ ಕೊನೆಯದು, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬೇಕು, ಅಷ್ಟೇ. ಎಂಟು ಲಕ್ಷಕ್ಕೂ ಜಾಸ್ತಿ ಅರ್ಜಿಗಳು ಬಂದವು. ಲಕ್ಷಾಂತರ ಕುಟುಂಬಗಳ ಹೆಸರು ಪಹಣಿಗೆ ಏರಿತು. ಕರಾವಳಿ, ಮಲೆನಾಡಿನ ಕಡೆ ಹಳಬರನ್ನು ಕೇಳಿದರೆ 'ಡಿಕ್ಲರೇಶನ್ ಕೊಟ್ಟ ಜಾಗ' ಎಂದು ಇವತ್ತಿಗೂ ತೋರಿಸುತ್ತಾರೆ.

ಗುರಿ 1961ರಲ್ಲೂ ಅದೇ, 1974ರಲ್ಲೂ ಅದೇ. ಅರಸು ಅವರ ರಾಜಕೀಯ ಛಲ ದೊಡ್ಡದು, ಗೇಣಿಯನ್ನೇ ಪೂರ್ತಿ ರದ್ದು ಮಾಡಿದ್ದೂ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಛಲಕ್ಕೆ ಕೈಕಾಲು ಕೊಟ್ಟಿದ್ದು ಆ ಮಂಡಳಿ. ಯಾರು ವಿಚಾರಣೆ ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಯಾರು ಬಾಯಿ ಬಿಡಬಹುದು ಅನ್ನುವ ಮೂರು ಸಣ್ಣ ನಿಯಮ ಬದಲಾದದ್ದಕ್ಕೆ ಫಲಿತಾಂಶವೂ ಬದಲಾಯಿತು. ಮಂಡಳಿಗಳಲ್ಲಿ ಕುಂದೂ ಇತ್ತು. ಪಕ್ಷದವರನ್ನೇ ಸದಸ್ಯರನ್ನಾಗಿ ಮಾಡಿದರು, ಕೆಲವು ಕಡೆ ಅವಸರದ ತೀರ್ಮಾನಗಳಾದವು. ಗೇಣಿಯೂ ಇಲ್ಲದ ಬರೀ ಕೂಲಿಯವರಿಗೆ ಸಿಕ್ಕಿದ್ದು ಕಡಿಮೆ. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಮಾಡಬೇಕಾಯಿತು.

ಹೊರಗಿನ ದೇಶಗಳಲ್ಲೂ ಇದೇ ಪಾಠ ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ.

ಬ್ರಿಟನ್ನನ್ನೇ ತೆಗೆದುಕೊಳ್ಳಿ. ನಮ್ಮ ಸದನದ ಪದ್ಧತಿ ಬಂದದ್ದೇ ಅಲ್ಲಿಂದ. ಬಹುಮತ ಇದ್ದವರು ಏನು ಬೇಕಾದರೂ ಮಾಡಬಹುದಾದ ವ್ಯವಸ್ಥೆ ಅದು. 1987ರಲ್ಲಿ ಮಾರ್ಗರೆಟ್ ಥ್ಯಾಚರ್ ನೂರಕ್ಕೂ ಜಾಸ್ತಿ ಸೀಟುಗಳ ಬಹುಮತದಿಂದ ಗೆದ್ದರು. ಮನೆಯ ಬೆಲೆಯ ಮೇಲಿದ್ದ ಸ್ಥಳೀಯ ತೆರಿಗೆ ತೆಗೆದು ತಲೆಗಂದಾಯ ತಂದರು. ಬಂಗಲೆಯ ಒಡೆಯನಿಗೂ ಅವನ ತೋಟದ ಮಾಲಿಗೂ ಹೆಚ್ಚುಕಡಿಮೆ ಒಂದೇ ತೆರಿಗೆ. ಅವರದೇ ಪಕ್ಷದ ಸಂಸದ ಮೈಕೇಲ್ ಮೇಟ್ಸ್ 'ಆದಾಯ ನೋಡಿ ತೆರಿಗೆ ಹಾಕಿ' ಎಂದು ತಿದ್ದುಪಡಿ ತಂದರು. ಪಕ್ಷದ ಹಲವರು ಅವರ ಜೊತೆ ನಿಂತರು. ಆದರೂ ಸೋತರು. 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ತೆರಿಗೆ ಜಾರಿಯಾಯಿತು. 1990ರ ಮಾರ್ಚ್ 31ಕ್ಕೆ ಲಂಡನ್ನಿನ ಬೀದಿಯಲ್ಲಿ ದಂಗೆಯೇ ಆಯಿತು. ನವೆಂಬರಿನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. 1993ರ ಹೊತ್ತಿಗೆ ತೆರಿಗೆಯೂ ಹೋಯಿತು. ಸದನದೊಳಗೆ ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದಕ್ಕೆ ಬೀದಿಯಲ್ಲಿ ಕೇಳಿಸಿಕೊಳ್ಳಬೇಕಾಯಿತು.

ನಮ್ಮ ಮೂರು ಕೃಷಿ ಕಾಯ್ದೆಗಳದ್ದೂ ಇದೇ ದಾರಿ. 2020ರ ಜೂನಿನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಗದ್ದಲದ ನಡುವೆ ಪಾಸು, ಸಮಿತಿಗೆ ಕಳಿಸಲೇ ಇಲ್ಲ. ರೈತರು ವರ್ಷ ಪೂರ್ತಿ ದಿಲ್ಲಿಯ ಗಡಿಯಲ್ಲಿ ಕೂತರು. 2021ರ ನವೆಂಬರ್ 29ಕ್ಕೆ ವಾಪಸ್. ವಾಪಸ್ ಪಡೆಯುವಾಗಲೂ ಚರ್ಚೆ ಮಾಡಲಿಲ್ಲ!

ಸ್ವಿಟ್ಜರ್ಲೆಂಡಿನಲ್ಲಿ ಇದರ ಉಲ್ಟಾ. ಮುಖ್ಯವಾದ ಯಾವ ಮಸೂದೆಯಾದರೂ ಸರಿ, ಸಂಸತ್ತಿಗೆ ಹೋಗುವ ಮೊದಲೇ ಕರಡನ್ನು ಎಲ್ಲರಿಗೂ ಕೊಡಬೇಕು. ಅದು ಅವರ ಸಂವಿಧಾನದಲ್ಲೇ ಇದೆ. ಅಲ್ಲಿನ 26 ಕ್ಯಾಂಟನ್‌ಗಳು (ನಮ್ಮ ರಾಜ್ಯಗಳಿದ್ದ ಹಾಗೆ), ಪಕ್ಷಗಳು, ಕಾರ್ಮಿಕ ಸಂಘಗಳು, ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಕಡಿಮೆ ಅಂದರೂ ಮೂರು ತಿಂಗಳ ಸಮಯ. ಆಮೇಲೂ ಸಂಸತ್ತು ಪಾಸು ಮಾಡಿದ ಕಾನೂನು ಇಷ್ಟವಿಲ್ಲದಿದ್ದರೆ ನೂರು ದಿನದೊಳಗೆ 50,000 ಸಹಿ ಸೇರಿಸಿದರೆ ಸಾಕು, ಇಡೀ ದೇಶ ಅದರ ಮೇಲೆ ಮತ ಹಾಕುತ್ತದೆ. ಈ ಭಯಕ್ಕೇ ಅಲ್ಲಿನ ಸರ್ಕಾರ ಮೊದಲೇ ಎಲ್ಲರ ಹತ್ತಿರ ಮಾತಾಡಿಕೊಂಡು ಬರುತ್ತದೆ. ಆಲ್ಪ್ಸ್ ಪರ್ವತದಡಿ ಹೊಸ ರೈಲುಮಾರ್ಗ ಕೊರೆಯುವ ಯೋಜನೆಗೂ 1992ರಲ್ಲಿ ಜನರ ಮತ ಕೇಳಿದರು. 57 ಕಿ.ಮೀ. ಉದ್ದದ ಗೊಥಾರ್ಡ್ ಸುರಂಗ 2016ರಲ್ಲಿ ಸಂಚಾರಕ್ಕೆ ತೆರೆಯಿತು. ನಿಧಾನ, ಹೌದು. ಆದರೆ ಅರ್ಧಕ್ಕೆ ನಿಲ್ಲಲಿಲ್ಲ.

ಸ್ವಿಸ್ ವ್ಯವಸ್ಥೆಯನ್ನು ಹೊಗಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾನು ಮುಂದಿನದ್ದನ್ನೂ ಹೇಳಬೇಕು. ಅದೇ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. ನಮ್ಮ ಅಜ್ಜಿಯರು 1952ರ ಮೊದಲ ಚುನಾವಣೆಯಲ್ಲೇ ಮತ ಹಾಕಿದ್ದರು. 1959ರಲ್ಲಿ ಸ್ವಿಸ್ ಗಂಡಸರು ಮತ ಹಾಕಿ 'ಬೇಡ' ಅಂದಿದ್ದರು. ಅಪೆನ್ಜೆಲ್ ಅನ್ನುವ ಒಂದು ಪುಟ್ಟ ಕ್ಯಾಂಟನ್‌ನಲ್ಲಂತೂ 1990ರಲ್ಲಿ ಸುಪ್ರೀಂ ಕೋರ್ಟೇ ಆದೇಶ ಮಾಡಬೇಕಾಯಿತು. ಯಾರನ್ನು ಕೇಳುತ್ತೀರಿ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಗಂಡಸರನ್ನಷ್ಟೇ ಕೇಳಿದರೆ ಗಂಡಸರ ಉತ್ತರವೇ ಬರುತ್ತದೆ. ನಾಳೆ ನಿಮ್ಮ ಸಮಿತಿಯೂ ಉದ್ಯಮಿಗಳ ಸಂಘವನ್ನು ಮಾತ್ರ ಕರೆದು, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಕರೆಯದಿದ್ದರೆ ಇದೇ ಕಥೆ.

ಮಸೂದೆ ದಾಟಬೇಕಾದ ಬಾಗಿಲುಗಳು ತೀರಾ ಜಾಸ್ತಿಯಾದರೂ ಕಷ್ಟ. ಅಮೆರಿಕದಲ್ಲಿ ಒಂದು ಕಾನೂನು ಎರಡು ಸದನ ದಾಟಬೇಕು, ಅಧ್ಯಕ್ಷರು ಸಹಿ ಹಾಕಬೇಕು, ಸೆನೆಟ್ಟಿನಲ್ಲಿ ಎಷ್ಟೋ ಸಲ ನೂರಕ್ಕೆ ಅರವತ್ತು ಮತ ಬೇಕು. ಎಲ್ಲರಿಗೂ ಆರೋಗ್ಯ ವಿಮೆ ಅನ್ನುವ ಕ್ಲಿಂಟನ್ ಯೋಜನೆ 1994ರಲ್ಲಿ ಆ ಬಾಗಿಲುಗಳಲ್ಲೇ ಸಿಕ್ಕಿ ಸತ್ತಿತು. ಒಬಾಮ 2010ರಲ್ಲಿ ಬೇರೊಂದನ್ನು ಹೇಗೋ ದಾಟಿಸಿದರು. ಅದನ್ನು ತೆಗೆಯಲು ಹೋದ ಟ್ರಂಪ್ ಪಕ್ಷದವರು 2017ರಲ್ಲಿ ತಮ್ಮವರೇ ಮೂವರು ಕೈಕೊಟ್ಟದ್ದಕ್ಕೆ ಸೋತರು. ತರುವುದೂ ಕಷ್ಟ, ತೆಗೆಯುವುದೂ ಕಷ್ಟ.

ಬಾಗಿಲೇ ಇಲ್ಲದ ಮನೆಯೂ ಇದೆ. 1958ರಲ್ಲಿ ಚೀನಾದಲ್ಲಿ ಮಾವೋ ಸರ್ಕಾರ ಗುಬ್ಬಚ್ಚಿಗಳು ಕಾಳು ತಿನ್ನುತ್ತವೆ, ಕೊಲ್ಲಿ ಎಂದಿತು. ಇಡೀ ದೇಶ ತಮಟೆ, ತಟ್ಟೆ ಬಡಿದು ಗುಬ್ಬಚ್ಚಿಗಳನ್ನು ಕೂರಲು ಬಿಡದೆ ಕೊಂದಿತು. ಬೆಳೆಗೆ ಹುಳ ಬಿತ್ತು. 1960ರಲ್ಲಿ ಗುಬ್ಬಚ್ಚಿಯನ್ನು ಕೊಲ್ಲಬೇಕಾದವುಗಳ ಪಟ್ಟಿಯಿಂದ ಬಿಟ್ಟು ತಿಗಣೆಯನ್ನು ಸೇರಿಸಿದರು. ಅಷ್ಟೊತ್ತಿಗೆ ಬೇರೆ ತಪ್ಪುಗಳೂ ಸೇರಿ ಘೋರ ಬರಗಾಲ ಶುರುವಾಗಿತ್ತು. ತಡೆದು ಕೇಳುವವರಿಗೆ ಅಲ್ಲಿ ಜಾಗವೇ ಇರಲಿಲ್ಲ.

ದೂರದ್ದು ಸಾಕು, ಪಕ್ಕದ ಮನೆ ನೋಡೋಣ. ಕೇರಳದ ವಿಧಾನಸಭೆಯಲ್ಲಿ 1980ರಿಂದಲೂ ವಿಷಯವಾರು ಸಮಿತಿಗಳಿವೆ. ಈಗ ಅವು 14. ಮಸೂದೆ ಮಂಡನೆಯಾದರೆ ಅದು ವಾಡಿಕೆಯಂತೆ ಸಮಿತಿಗೆ ಹೋಗುತ್ತದೆ. ಯಾರೂ ಪಟ್ಟು ಹಿಡಿಯಬೇಕಿಲ್ಲ. ಬಜೆಟ್ಟಿನ ಇಲಾಖಾವಾರು ಬೇಡಿಕೆಗಳೂ ಅಲ್ಲಿಗೇ ಹೋಗುತ್ತವೆ. 1993ರಲ್ಲಿ ದಿಲ್ಲಿಯ ಸಂಸತ್ತೂ ಇಂಥದ್ದೇ ಸ್ಥಾಯಿ ಸಮಿತಿಗಳನ್ನು ಮಾಡಿಕೊಂಡಿತು. ಅಲ್ಲಿ ಈಗ 24 ಸಮಿತಿಗಳಿವೆ. ಆದರೆ ಮಸೂದೆಯನ್ನು ಕಳಿಸಲೇಬೇಕು ಎಂಬ ಕಡ್ಡಾಯ ಅಲ್ಲಿಲ್ಲ. ಅದರ ಫಲ ನೋಡಿ: 15ನೇ ಲೋಕಸಭೆಯಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಬರೀ ಶೇ. 16.

ಕೇರಳದವರು ದೇವರೇನಲ್ಲ. ಅಲ್ಲಿ ಸಮಿತಿಗೆ ಮಂತ್ರಿಯೇ ಅಧ್ಯಕ್ಷ. ತನ್ನ ಮಸೂದೆಗೆ ತಾನೇ ಮಾರ್ಕು ಹಾಕಿಕೊಂಡ ಹಾಗೆ ಅದು. ಇದೊಂದನ್ನು ನಾವು ತರಬಾರದು. ಸಮಿತಿಯನ್ನು ತಪ್ಪಿಸಲು ಸುಗ್ರೀವಾಜ್ಞೆಯ ಹಿಂಬಾಗಿಲನ್ನೂ ಅವರು ಬಳಸುತ್ತಾರೆ. 2020ರ ನವೆಂಬರಿನಲ್ಲಿ ಹಾಗೇ ಆಯಿತು. ಸಾಮಾಜಿಕ ಜಾಲತಾಣಗಳ ನಿಂದನೆ ತಡೆಯುತ್ತೇವೆ ಎಂದು ಪೊಲೀಸ್ ಕಾಯ್ದೆಗೆ 118ಎ ಸೇರಿಸಿ ಸುಗ್ರೀವಾಜ್ಞೆ ತಂದರು. ಪತ್ರಕರ್ತರು, ವಿರೋಧ ಪಕ್ಷ, ಕೊನೆಗೆ ಎಡಪಕ್ಷಗಳ ಒಳಗಿನವರೂ ಕೂಗೆಬ್ಬಿಸಿದರು. ರಾಜ್ಯಪಾಲರು ಸಹಿ ಹಾಕಿ ಎರಡೇ ದಿನದಲ್ಲಿ ಪಿಣರಾಯಿ ವಿಜಯನ್ ಅದನ್ನು ಜಾರಿ ಮಾಡುವುದಿಲ್ಲ ಎಂದರು. ನಮ್ಮ ಜುಲೈ ಕಥೆಯೇ ಅಲ್ವಾ ಇದು? ಸಮಿತಿಯ ಹಾದಿ ಬಿಟ್ಟ ಕೂಡಲೇ ಕೇರಳಕ್ಕೂ ಅದೇ ಗತಿ.

ನೀವು ಹೇಳಬಹುದಾದ ಒಂದು ಮಾತು ನನಗೆ ಗೊತ್ತು. 'ನಾವು ಸಮಿತಿಯಲ್ಲಿ ಕೂತು ಏನು ಮಾಡುವುದು, ಕೊನೆಗೆ ಪಕ್ಷ ಹೇಳಿದ ಹಾಗೇ ಮತ ಹಾಕಬೇಕಲ್ಲ?' ನಿಜ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಅಂದರೆ ಪಕ್ಷದ ಆದೇಶ ಮೀರಿದರೆ ನಿಮ್ಮ ಸ್ಥಾನಕ್ಕೇ ಕುತ್ತು. ಮೈಕೇಲ್ ಮೇಟ್ಸ್ ಸ್ವಂತ ಸರ್ಕಾರದ ವಿರುದ್ಧ ತಿದ್ದುಪಡಿ ತಂದೂ ಸಂಸದರಾಗಿಯೇ ಉಳಿದರು. ನೀವು ಹಾಗೆ ಮಾಡಿದರೆ ಉಳಿಯುವುದು ಕಷ್ಟ. ಅದಕ್ಕೇ ಸಮಿತಿ ಬೇಕು ಅನ್ನುವುದು. ಸಮಿತಿಯ ಕೋಣೆಗೆ ವಿಪ್ ಬರುವುದಿಲ್ಲ. ಕ್ಯಾಮೆರಾ ಇಲ್ಲ, ಬಾವಿ ಇಲ್ಲ, ಘೋಷಣೆ ಕೂಗಿ ಕ್ಷೇತ್ರದವರಿಗೆ ತೋರಿಸುವ ತಾಪತ್ರಯ ಇಲ್ಲ. ಮೊದಲ ಸಲ ಗೆದ್ದು ಬಂದ ಶಾಸಕಿಯೊಬ್ಬರು ಅಲ್ಲಿ ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು 'ಈ 7ನೇ ಸೆಕ್ಷನ್ ಯಾಕೆ ಬೇಕು, ಬಿಡಿಸಿ ಹೇಳಿ' ಎಂದು ಕೇಳಬಹುದು. ಉತ್ತರ ಸರಿಯಿಲ್ಲದಿದ್ದರೆ ಇನ್ನೊಂದು ದಿನ ಬನ್ನಿ ಅನ್ನಬಹುದು. ಈಗ ಆ ಅವಕಾಶ ಮಂತ್ರಿಗಳಿಗೆ ಮಾತ್ರ ಇದೆ. ಹಿಂದಿನ ಸಾಲಿನಲ್ಲಿ ಕೂರುವ ನಿಮಗಿಲ್ಲ, ಆಡಳಿತ ಪಕ್ಷದವರಾದರೂ ಅಷ್ಟೇ.

ಇನ್ನೊಂದು ಆಕ್ಷೇಪ: ಇದೆಲ್ಲ ಹೊರಗಿನ ಪದ್ಧತಿ, ನಮ್ಮ ನೆಲಕ್ಕೆ ಒಗ್ಗುವುದಿಲ್ಲ. ಮೈಸೂರಿನವರು ಇದನ್ನು ಕೇಳಿದರೆ ನಕ್ಕಾರು. 1881ರ ಅಕ್ಟೋಬರ್ 7ರಂದು, ದಸರಾ ಹೊತ್ತಿನಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ತಾಲ್ಲೂಕುಗಳಿಂದ ರೈತರು, ವರ್ತಕರು ಬಂದಿದ್ದರು. ಸರ್ಕಾರ ಏನು ಮಾಡಿದೆ, ಏನು ಮಾಡಲಿದೆ ಎಂದು ದಿವಾನರು ಅವರಿಗೆ ಓದಿ ಹೇಳಿದರು. ಮೊದಮೊದಲು ಆ ಸಭೆಗೆ ಅಧಿಕಾರವೇನೂ ಇರಲಿಲ್ಲ, ಕೇಳಿ ಹೇಳಿ ಹೋಗುವುದಷ್ಟೇ. 1907ರಲ್ಲಿ ಕಾನೂನು ಮಾಡಲು ಬೇರೆಯೇ ಒಂದು ಸಭೆ ಬಂತು. 1923ರ ಸುಧಾರಣೆಯಲ್ಲಿ ಒಂದು ಒಳ್ಳೆಯ ನಿಯಮ ಸೇರಿತು: ಯಾವ ಮಸೂದೆಯೇ ಆಗಲಿ, ಶಾಸನ ಸಭೆಗೆ ಹೋಗುವ ಮೊದಲು ಅದರ ಮೂಲ ಉದ್ದೇಶದ ಬಗ್ಗೆ ಪ್ರಜಾಪ್ರತಿನಿಧಿ ಸಭೆಯನ್ನು ಕೇಳಬೇಕು. ಹೊಸ ತೆರಿಗೆಗೂ ಅಷ್ಟೇ. ರಾಜರ ಕಾಲದಲ್ಲಿ! ಆ ಸಭೆಯಲ್ಲಿ ಉಳ್ಳವರೇ ಜಾಸ್ತಿ ಇದ್ದರು, ಅದರ ಮಾತನ್ನು ಸರ್ಕಾರ ಕೇಳಲೇಬೇಕು ಎಂದೂ ಇರಲಿಲ್ಲ. ಆದರೂ ಮೊದಲು ಕೇಳು, ಆಮೇಲೆ ಮಾಡು ಅನ್ನುವ ಪದ್ಧತಿ ಈ ನೆಲದಲ್ಲಿ ಇತ್ತು.

ಕಾನೂನು ಮಾಡಿ ಸುಮ್ಮನಾಗುವ ಚಾಳಿಯ ಬಗ್ಗೆಯೂ ಒಂದು ಮಾತು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಎಂದು 2005ರಲ್ಲಿ ನೀವೇ ಕಾಯ್ದೆ ಮಾಡಿಕೊಂಡಿದ್ದೀರಿ. ಹೆಚ್ಚಿನ ವರ್ಷಗಳಲ್ಲಿ ಅಧಿವೇಶನ ಆ ಲೆಕ್ಕ ಮುಟ್ಟಿಲ್ಲ. ತಮ್ಮದೇ ಕಾಯ್ದೆಯನ್ನು ತಾವೇ ಪಾಲಿಸದ ಸದನ ಉಳಿದ ಇಲಾಖೆಗಳಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುತ್ತದೆ?

ಹಾಗಾಗಿ ಘೋಷಣೆ ಬೇಡ, ಹೊಸ ಕಾಯ್ದೆಯೂ ಬೇಡ. ಸಂವಿಧಾನದ 208ನೇ ವಿಧಿ ಪ್ರತಿ ಸದನಕ್ಕೂ ತನ್ನ ನಡವಳಿಕೆಯ ನಿಯಮ ತಾನೇ ಮಾಡಿಕೊಳ್ಳುವ ಅಧಿಕಾರ ಕೊಟ್ಟಿದೆ. ದಿಲ್ಲಿಯನ್ನು ಕೇಳಬೇಕಿಲ್ಲ. ನಿಯಮಾವಳಿಯಲ್ಲಿ ಒಂದು ತಿದ್ದುಪಡಿ ಸಾಕು. ಇಲಾಖಾವಾರು ಸಮಿತಿಗಳಾಗಲಿ, ಎರಡೂ ಸದನದವರು ಅವುಗಳಲ್ಲಿ ಇರಲಿ, ಮಂತ್ರಿಗಳು ಅಧ್ಯಕ್ಷರಾಗುವುದು ಬೇಡ. ಒಂದಷ್ಟು ಸಮಿತಿಗಳಿಗಾದರೂ ವಿರೋಧ ಪಕ್ಷದವರು ಅಧ್ಯಕ್ಷರಾಗಲಿ. ತುರ್ತು ಇದ್ದರೆ ವಿನಾಯಿತಿ ಇರಲಿ, ಆದರೆ ಯಾವ ತುರ್ತು ಎಂದು ಮಂತ್ರಿಗಳು ಎದ್ದು ನಿಂತು ಹೇಳಿ, ಅದು ಕಡತಕ್ಕೆ ಹೋಗಲಿ. ಸಮಿತಿ ಎಷ್ಟು ದಿನದಲ್ಲಿ ವರದಿ ಕೊಡಬೇಕು ಅನ್ನುವ ಗಡುವೂ ಇರಲಿ, ಇಲ್ಲದಿದ್ದರೆ ಬೇಡವಾದ ಮಸೂದೆಗೆ ಅದೇ ಗೋದಾಮಾಗುತ್ತದೆ.

ಕರಡಿನ ವಿಷಯ ಒಂದು ಉಳಿಯಿತು. ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಎಂದು ಕೇಂದ್ರ ಸರ್ಕಾರ 2014ರಲ್ಲೇ ನೀತಿ ಮಾಡಿದೆ. ಪಾಲಿಸುವುದು ಬಿಡುವುದು ಬೇರೆ. ನಾವೂ ಅಷ್ಟು ದಿನ ಇಡೋಣ, ಆದರೆ ಕನ್ನಡದಲ್ಲಿ ಇಡೋಣ. 2020ರಲ್ಲಿ ಕೇಂದ್ರ ಪರಿಸರ ಇಲಾಖೆ ಪರಿಸರ ಪರಿಣಾಮ ಅಧ್ಯಯನದ ಹೊಸ ನಿಯಮಗಳ ಕರಡನ್ನು ಇಂಗ್ಲಿಷ್, ಹಿಂದಿಯಲ್ಲಷ್ಟೇ ಬಿಟ್ಟಿತ್ತು. ದಿಲ್ಲಿ ಹೈಕೋರ್ಟ್ 22 ಭಾಷೆಗಳಿಗೆ ಅನುವಾದಿಸಿ ಎಂದಿತು. ನಮ್ಮ ಹೈಕೋರ್ಟೂ ಅದನ್ನು ಅಂತಿಮ ಮಾಡದ ಹಾಗೆ ತಡೆ ಕೊಟ್ಟಿತು. ಗಣಿಯ ಪಕ್ಕದಲ್ಲಿ ಬದುಕುವ ಸಂಡೂರಿನ ರೈತ ಇಂಗ್ಲಿಷ್ ಕರಡು ಓದಿ ಆಕ್ಷೇಪಣೆ ಕಳಿಸಬೇಕು ಅಂದರೆ ಅವನನ್ನು ಕೇಳಿದ ಹಾಗೆ ಆಯಿತಾ? ಕನ್ನಡ ಅಂದರೂ 'ತತ್ಸಂಬಂಧವಾಗಿ ವಿಹಿತಪಡಿಸಬಹುದಾದಂಥ' ಎಂಬ ಕನ್ನಡ ಬೇಡ. ಗ್ರಾಮ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಒಬ್ಬರು ಓದಿದರೆ ನಾಲ್ಕು ಜನರಿಗೆ ಅರ್ಥವಾಗುವ ಒಂದು ಪುಟದ ಸಾರಾಂಶ ಜೊತೆಗಿರಲಿ.

ಮೇಲ್ಮನೆಯ ಸದಸ್ಯರಿಗೆ ಬೇರೆಯಾಗಿ ಒಂದು ಮಾತು. ದೇಶದಲ್ಲಿ ಆರೇ ರಾಜ್ಯಗಳಲ್ಲಿ ವಿಧಾನ ಪರಿಷತ್ತು ಇದೆ. ಇದು ಯಾಕೆ ಬೇಕು, ದುಡ್ಡು ದಂಡ ಅನ್ನುವವರು ಊರೂರಲ್ಲಿ ಸಿಗುತ್ತಾರೆ. ಕೆಳಮನೆಯಿಂದ ಬೆಳಿಗ್ಗೆ ಬಂದದ್ದನ್ನು ಸಂಜೆಗೆ ಪಾಸು ಮಾಡಿ ಕಳಿಸಿದರೆ ಅವರಿಗೆ ನೀವು ಕೊಡುವ ಉತ್ತರ ಏನು? ಕೆಳಮನೆ ಈ ನಿಯಮ ಮಾಡದಿದ್ದರೆ ನೀವಾದರೂ ಮಾಡಿ. ನಿಮ್ಮ ಸದನದ ನಿಯಮ ನಿಮ್ಮ ಕೈಯಲ್ಲೇ ಇದೆ.

ಎಲ್ಲ ಪಕ್ಷದವರಿಗೂ ಇದನ್ನು ಕೇಳುತ್ತಿದ್ದೇನೆ. ವಿರೋಧ ಪಕ್ಷದ ಕುರ್ಚಿಯಲ್ಲಿದ್ದಾಗ 'ಸದನ ಸಮಿತಿಗೆ ಕೊಡಿ' ಎಂದು ಕೂಗುವವರೇ ಆಡಳಿತ ಪಕ್ಷಕ್ಕೆ ಬಂದ ಮೇಲೆ 'ಈಗಲೇ ಪಾಸಾಗಲಿ' ಅನ್ನುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಕರ್ನಾಟಕದಲ್ಲಿ ಸರ್ಕಾರಗಳು ಬದಲಾಗುತ್ತಲೇ ಇರುತ್ತವೆ. ಇವತ್ತು ನೀವು ಮಾಡುವ ನಿಯಮದ ಲಾಭ ಮುಂದಿನ ಚುನಾವಣೆಯ ನಂತರ ನಿಮಗೇ ಆಗಬಹುದು.

ಬರುವ ಅಧಿವೇಶನದಲ್ಲಿ ಯಾರಾದರೂ ಒಬ್ಬ ಸದಸ್ಯರು ಈ ತಿದ್ದುಪಡಿಯ ಸೂಚನೆ ಕೊಟ್ಟರೂ ಸಾಕು, ಅದು ನಿಯಮಾವಳಿ ಸಮಿತಿಗೆ ಹೋಗಬಹುದು. ಅಲ್ಲಿಯವರೆಗೆ ನಿಮ್ಮ ಕ್ಷೇತ್ರದಲ್ಲಿ ಮತ ಕೇಳಲು, ಮದುವೆಗೆ, ಗುದ್ದಲಿಪೂಜೆಗೆ ಬಂದಾಗ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಕಳೆದ ಅಧಿವೇಶನದಲ್ಲಿ ನೀವು ಪಾಸು ಮಾಡಿದ ಮಸೂದೆಗಳಲ್ಲಿ ಯಾವುದನ್ನು ಓದಿದ್ದಿರಿ?

ಇತಿ,
ನಿಮ್ಮ ಮತದಾರ